ಬಿದ್ದರೆ ಹಿಡಿಯುವವರು ಯಾರು? ನಲವತ್ತು ದಾಟಿದವರ ಹೊಸ ಬದುಕಿನ ಪ್ರಶ್ನೆ

ನಲವತ್ತು ದಾಟಿದ ಮೇಲೆ ಕಸುಬು ಬದಲಿಸಿ ಬದುಕನ್ನು ಹೊಸದಾಗಿ ಕಟ್ಟಿಕೊಳ್ಳಲು ಸಾಧ್ಯವೇ? ಈ ಪ್ರಶ್ನೆ ಈಗ ನಗರಗಳಲ್ಲಿ ಹೆಚ್ಚು ಕೇಳಿಬರುತ್ತಿದೆ. ಬೆಂಗಳೂರಿನ ಕಂಪನಿ ನೌಕರಿ ಬಿಟ್ಟು ತೋಟ ಮಾಡಿದವರ, ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೋಟೆಲ್ ತೆರೆದವರ ಸುದ್ದಿಗಳು ಪತ್ರಿಕೆಗಳ ಪುರವಣಿಗಳಲ್ಲಿ ಬರುತ್ತಲೇ ಇರುತ್ತವೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇಂಥ ಬದಲಾವಣೆ ಹೊಸತೇನಲ್ಲ. ತೊಗರಿ ಕೈಕೊಟ್ಟ ವರ್ಷ ನಲವತ್ತೆಂಟರ ಒಕ್ಕಲಿಗ ಪುಣೆಯ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ. ಭೀಮಾ ನದಿಯ ನೀರು ಹೊಲಕ್ಕೆ ಬಂದಾಗ ಜೋಳ ಬೆಳೆಯುತ್ತಿದ್ದವನು ಕಬ್ಬಿನ ಬೆಳೆಗಾರನಾಗುತ್ತಾನೆ. ಮಕ್ಕಳ ಮದುವೆ ಮುಗಿಸಿದ ಹೆಣ್ಣುಮಗಳು ರೊಟ್ಟಿ ಬಡಿದು ಮಾರಲು ಶುರುಮಾಡುತ್ತಾಳೆ. ಇವರ ಬದಲಾವಣೆಯನ್ನು ಯಾರೂ ಸಾಹಸವೆಂದು ಕರೆಯುವುದಿಲ್ಲ, ಹೊಟ್ಟೆಪಾಡು ಎನ್ನುತ್ತಾರೆ. ನಡುವಯಸ್ಸಿನ ಮರುಹುಟ್ಟಿನ ಬಗ್ಗೆ ತತ್ವಶಾಸ್ತ್ರ, ಮನೋವಿಜ್ಞಾನ, ಅರ್ಥಶಾಸ್ತ್ರ ಕೊಟ್ಟ ಉತ್ತರಗಳನ್ನು ಈ ಮೂರು ತಾಲ್ಲೂಕುಗಳ ನೆಲದ ಮೇಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಹೊಸ ಬದುಕು ಕಟ್ಟುವ ಮನಸ್ಸು, ಧೈರ್ಯ, ಬುದ್ಧಿ ಎಲ್ಲ ಕಡೆಯೂ ಇವೆ. ಒಮ್ಮೆ ಸೋತರೂ ತಾಳಿಕೊಳ್ಳುವ ಶಕ್ತಿ ಮಾತ್ರ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ.

ಹಳೆಯ ಉತ್ತರಗಳು

ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಈಗ ಅದು 70ರ ಸಮೀಪ ಬಂದಿದೆ. ಆ ಹಳೆಯ ಅಂಕಿಯಲ್ಲಿ ಶಿಶುಮರಣದ ಪಾಲು ದೊಡ್ಡದು, ಬಾಲ್ಯ ದಾಟಿದವರು ಐವತ್ತು, ಅರವತ್ತು ಕಂಡದ್ದುಂಟು. ಆದರೂ ನಲವತ್ತರ ನಂತರ ಇನ್ನೂ ಮೂವತ್ತು ವರ್ಷದ ದುಡಿಮೆ ಬಾಕಿ ಇದೆ ಎಂದು ಹೆಚ್ಚಿನವರು ಎಣಿಸಬಹುದಾದ ಕಾಲ ಈಚಿನದು. ಆಶ್ರಮ ಧರ್ಮದ ಚೌಕಟ್ಟು ಗೃಹಸ್ಥನ ನಂತರ ವಾನಪ್ರಸ್ಥವನ್ನು ಇಟ್ಟಿತು: ಮನೆಯ ಹೊಣೆಯನ್ನು ಮಗನಿಗೆ ಒಪ್ಪಿಸಿ ಹಿಂದೆ ಸರಿಯುವುದು. ಜೀವನಕ್ಕೆ ಎರಡನೆಯ ಅರ್ಧವೆಂಬುದೊಂದಿದೆ, ಅದರ ಕೆಲಸ ಮೊದಲಿನದಕ್ಕಿಂತ ಬೇರೆ ಎಂದು ಗುರುತಿಸಿದ್ದು ಆ ಚೌಕಟ್ಟಿನ ಹೆಚ್ಚುಗಾರಿಕೆ. ಅದರ ಮಿತಿಯೂ ಅಷ್ಟೇ ಸ್ಪಷ್ಟ. ಬಿಟ್ಟುಹೋಗಲು ಆಸ್ತಿ ಇದ್ದವನಿಗೆ, ಅದರಲ್ಲೂ ಮೇಲ್ವರ್ಣದ ಗಂಡಸಿಗೆ ಬರೆದ ವ್ಯವಸ್ಥೆ ಅದು. ದುಡಿಯುವ ಜಾತಿಗಳಿಗೆ, ಹೆಣ್ಣಿಗೆ ಅದರಲ್ಲಿ ಸ್ವತಂತ್ರ ಜಾಗವಿರಲಿಲ್ಲ.

ಆಳಂದಕ್ಕೆ ಹತ್ತಿರವೇ ಇರುವ ಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಈ ಚೌಕಟ್ಟನ್ನು ತಿರುವಿಹಾಕಿದರು. ಕಾಯಕಕ್ಕೆ ನಿವೃತ್ತಿಯಿಲ್ಲ, ಕಾಡಿಗೆ ಹೋಗಬೇಕಾದ ಅಗತ್ಯವೂ ಇಲ್ಲ. ಇಲ್ಲಿಯೇ ಒಂದು ವಾದವಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ ಮುಂತಾದ ಶರಣರನ್ನು ನಾವು ಗುರುತಿಸುವುದೇ ಅವರ ಕಸುಬಿನಿಂದ. ಆದ್ದರಿಂದ ಕಾಯಕ ತತ್ವ ಹುಟ್ಟಿನಿಂದ ಬಂದ ಕೆಲಸಕ್ಕೆ ಘನತೆ ತಂದಿತೇ ಹೊರತು ಕೆಲಸ ಬದಲಿಸುವ ದಾರಿ ತೆರೆಯಲಿಲ್ಲ ಎಂಬುದು ಒಂದು ಓದು. ಮೋಳಿಗೆಯ ಮಾರಯ್ಯನ ಕಥೆ ಇದಕ್ಕೆ ಎದುರು ನಿಲ್ಲುತ್ತದೆ. ಪರಂಪರೆಯ ಪ್ರಕಾರ ಆತ ಕಾಶ್ಮೀರದ ಅರಸನಾಗಿದ್ದವನು, ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರಿ ಬದುಕಿದವನು. ಈ ಕಥೆಯ ಐತಿಹಾಸಿಕತೆ ಏನೇ ಇರಲಿ, ಇಳಿಯುವುದನ್ನೂ ಸಮಾಜ ಗೌರವಿಸಬಲ್ಲದು ಎಂಬ ಕಲ್ಪನೆ ಇದರಲ್ಲಿದೆ. ಇಂದಿನ ಚರ್ಚೆಯಲ್ಲಿ ಅದು ಬಹುಪಾಲು ಕಾಣೆಯಾಗಿದೆ. ನಾವು ಬದಲಾವಣೆ ಎಂದಾಗಲೆಲ್ಲ ಏರುವುದನ್ನೇ ಎಣಿಸುತ್ತೇವೆ.

ಜೇವರ್ಗಿ ಸೀಮೆಯ ಅರಳಗುಂಡಗಿಯ ಶರಣಬಸವೇಶ್ವರರ ಬದುಕು (1746–1822) ಈ ಪ್ರಶ್ನೆಗೆ ಇನ್ನೂ ಹತ್ತಿರದ ಉದಾಹರಣೆ. ಅವರು ಒಕ್ಕಲುತನದ ಮನೆಯವರು, ಸಂಸಾರಸ್ಥರು. ಹೊಲದ ಕಾಳನ್ನು ಹಕ್ಕಿಗಳಿಗೂ ಹಸಿದವರಿಗೂ ಬಿಟ್ಟುಕೊಟ್ಟ ಅವರ ಕಥೆಗಳು ಈ ಭಾಗದ ಮನೆಮನೆಯಲ್ಲಿವೆ. ಪತ್ನಿ ತೀರಿದ ಮೇಲೆ ಅವರು ಊರು ಬಿಟ್ಟು ಕೊನೆಗೆ ಕಲಬುರಗಿ ಸೇರಿದರು. ಹೊಲದಂಚಿನಲ್ಲಿ ನಡೆಯುತ್ತಿದ್ದ ದಾಸೋಹ ನಗರದ ಮಹಾದಾಸೋಹವಾಯಿತು. ಮುಂದೆ ಅದೇ ಪರಂಪರೆಯಿಂದ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳು ಬಂದವು. ಭಕ್ತಿಯ ಕಣ್ಣಿನಿಂದ ಇದು ಪವಾಡಪುರುಷನ ಚರಿತ್ರೆ. ನಮ್ಮ ಪ್ರಶ್ನೆಯ ಕಣ್ಣಿನಿಂದ ನೋಡಿದರೆ ಎರಡು ಅಂಶಗಳು ಎದ್ದು ಕಾಣುತ್ತವೆ. ಹೊಸ ಜೀವನದಲ್ಲಿ ಅವರು ಹಳೆಯ ಗುಣವನ್ನೇ ದೊಡ್ಡದು ಮಾಡಿದರು, ಬೇರೆಯ ಮನುಷ್ಯರಾಗಲು ಹೋಗಲಿಲ್ಲ. ಊರು ಬಿಟ್ಟವರಿಗೆ ಆಶ್ರಯ ಕೊಟ್ಟು ದಾಸೋಹಕ್ಕೆ ಬೆಂಬಲವಾಗಿ ನಿಂತ ಅನುಕೂಲಸ್ಥ ಭಕ್ತರೂ ಇದ್ದರು. ಕೈಹಿಡಿಯುವವರಿಲ್ಲದೆ ಮಹಾತ್ಮರ ಎರಡನೆಯ ಬದುಕೂ ನಿಲ್ಲುವುದು ಕಷ್ಟ.

ಈ ಸೀಮೆಯಲ್ಲಿ ಬದಲಾವಣೆ ಹೊರಗಿನಿಂದ ಬಂದದ್ದು

ಕಳೆದ ಎಪ್ಪತ್ತೈದು ವರ್ಷಗಳಲ್ಲಿ ಈ ಮೂರು ತಾಲ್ಲೂಕುಗಳ ನಡುವಯಸ್ಕರು ಮತ್ತೆ ಮತ್ತೆ ಬದುಕು ಬದಲಿಸಿದ್ದಾರೆ. ಬಹುಪಾಲು ಸಲ ಅದಕ್ಕೆ ಕಾರಣ ಅವರೊಳಗಿನ ಕರೆಯಲ್ಲ, ಹೊರಗಿನ ಹೊಡೆತ ಅಥವಾ ಹೊರಗಿನ ಅವಕಾಶ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1949ರಲ್ಲಿ ಜಾಗೀರುಗಳು ರದ್ದಾದವು, 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲೇ ಕಡತ ಬರೆದ ಗುಮಾಸ್ತರು, ಮೇಷ್ಟ್ರುಗಳು, ವಕೀಲರು ನಡುವಯಸ್ಸಿನಲ್ಲಿ ಇನ್ನೊಂದು ಆಡಳಿತ ಭಾಷೆಗೆ ಹೊರಳಬೇಕಾಯಿತು. ಅವರಲ್ಲಿ ಅನೇಕರಿಗೆ ಮನೆಮಾತು ಕನ್ನಡವೇ ಆಗಿದ್ದರೂ ಕಚೇರಿಯ ಕನ್ನಡ ಹೊಸದು. ಜಾಗೀರಿನ ಆಶ್ರಯದಲ್ಲಿದ್ದ ಕುಟುಂಬಗಳಿಗೆ ಜೀವನೋಪಾಯವೇ ಬದಲಾಯಿತು. ಇದು ನಮ್ಮ ಇತಿಹಾಸದ ದೊಡ್ಡ ವೃತ್ತಿ ಬದಲಾವಣೆಗಳಲ್ಲಿ ಒಂದು. ಇದನ್ನು ರಾಜಕೀಯ ಘಟನೆಯಾಗಿ ಬರೆದವರು ಅನೇಕರು. ನಲವತ್ತೈದರ ಗುಮಾಸ್ತನ ಅನುಭವವಾಗಿ ಬರೆದದ್ದು ಕಡಿಮೆ.

ಆ ಮೇಲೆ 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಬಂತು. ಗೇಣಿದಾರರು ನಮೂನೆ 7ರ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅರ್ಧ ಆಯುಷ್ಯ ಇನ್ನೊಬ್ಬರ ಹೊಲ ಉತ್ತವರು ತೀರ್ಪು ತಮ್ಮ ಕಡೆ ಬಂದಾಗ ಹೊಲದ ಒಡೆಯರಾದರು. ಗೇಣಿಯ ಕಾಗದವಿಲ್ಲದವರು, ಅರ್ಜಿ ಹಾಕಲು ಅಂಜಿದವರು ಹೊರಗುಳಿದರು. ಅದಕ್ಕೂ ಮುಂಚೆ 1972ರ ಬರ ಉತ್ತರ ಕರ್ನಾಟಕ, ಮಹಾರಾಷ್ಟ್ರಗಳನ್ನು ಒಟ್ಟಿಗೆ ಹಿಂಡಿತ್ತು. ಗಡಿಯಾಚೆಯ ಸೊಲ್ಲಾಪುರ, ಅದರಾಚೆಯ ಮುಂಬೈ ಈ ಸೀಮೆಯ ಜನಕ್ಕೆ ಕೆಲಸದ ಊರುಗಳು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬೈನ ಜವಳಿ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಗಿರಣಿಯನ್ನೇ ಬದುಕೆಂದು ನಂಬಿದ್ದವರು ನಲವತ್ತು, ಐವತ್ತರಲ್ಲಿ ಬರಿಗೈಯಾದರು. 2020ರಲ್ಲಿ ಲಾಕ್‌ಡೌನ್ ಮಹಾರಾಷ್ಟ್ರದಿಂದ ಸಾವಿರಾರು ದುಡಿಯುವವರನ್ನು ಈ ಜಿಲ್ಲೆಗೆ ಹಿಂದಕ್ಕೆ ತಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳನ್ನು ಮುಳುಗಿಸಿತು. ಊರಿಗೆ ಮರಳಿ ಹೊಲ ನಂಬಿದವರಿಗೆ ಇದು ಎರಡನೆಯ ಪೆಟ್ಟು.

ನೀರು ತಂದ ಬದಲಾವಣೆ ಬೇರೆ ಬಗೆಯದು. ಆಳಂದದ ಅಮರ್ಜಾ ಅಣೆಕಟ್ಟು, ಅಫಜಲಪುರದ ಸೊನ್ನ ಬ್ಯಾರೇಜು, ಕೃಷ್ಣಾ ಮೇಲ್ದಂಡೆಯ ಜೇವರ್ಗಿ ಶಾಖಾ ಕಾಲುವೆ ಒಣಬೇಸಾಯದ ನಡುವೆ ನೀರಾವರಿಯ ಪಟ್ಟಿಗಳನ್ನು ಹುಟ್ಟಿಸಿದವು. ಆಳಂದದ ಭೂಸನೂರ, ಅಫಜಲಪುರದ ಹವಳಗಾದ ಸಕ್ಕರೆ ಕಾರ್ಖಾನೆಗಳ ಸುತ್ತ ಕಬ್ಬು ಹರಡಿತು. ಮಳೆ ನಂಬಿ ಜೋಳ, ತೊಗರಿ ಬೆಳೆಯುತ್ತಿದ್ದವನು ಐವತ್ತರ ಹೊತ್ತಿಗೆ ಕಾರ್ಖಾನೆಯ ಕಟಾವಿನ ಸರದಿ, ಟನ್ನಿನ ದರ, ಬಿಲ್ಲಿನ ಬಾಕಿಗಳ ಲೋಕ ಹೊಕ್ಕ. ಹೆಸರು ಒಕ್ಕಲುತನವೇ ಆದರೂ ಕೆಲಸ ಪೂರ್ತಿ ಬೇರೆ. ಕಸುಬಿನ ಹೆಸರು ಬದಲಾಗದೆ ಕಸುಬೇ ಬದಲಾಗುವ ಈ ಬಗೆ ಜನಗಣತಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಮನಸ್ಸನ್ನು ಮುಂದಿಡುವವರು

ನಡುವಯಸ್ಸನ್ನು ಒಳಗಿನ ತಿರುವೆಂದು ನೋಡುವ ಪಂಥ ಪಶ್ಚಿಮದಲ್ಲಿ ಗಟ್ಟಿಯಾದದ್ದು ಕಳೆದ ಶತಮಾನದಲ್ಲಿ. ಬದುಕಿನ ಮೊದಲರ್ಧದ ಗುರಿಗಳನ್ನೇ ಹಿಡಿದು ಎರಡನೆಯ ಅರ್ಧವನ್ನು ಬದುಕಲಾಗದು ಎಂದು ಕಾರ್ಲ್ ಯೂಂಗ್ ವಾದಿಸಿದರು. 1950ರಲ್ಲಿ ಎರಿಕ್ ಎರಿಕ್ಸನ್, ಮುಂದಿನ ಪೀಳಿಗೆಗಾಗಿ ಏನನ್ನಾದರೂ ಕಟ್ಟುವುದೇ ಈ ವಯಸ್ಸಿನ ಕೆಲಸ, ಅದು ಆಗದಿದ್ದರೆ ಮನುಷ್ಯ ನಿಂತ ನೀರಾಗುತ್ತಾನೆ ಎಂದರು. 1965ರಲ್ಲಿ ಎಲಿಯಟ್ ಜಾಕ್ವಿಸ್ ಸಾವಿನ ಅರಿವು ಮೂಡುವ ಈ ಹಂತವನ್ನು 'ನಡುವಯಸ್ಸಿನ ಬಿಕ್ಕಟ್ಟು' ಎಂದು ಕರೆದರು. 1978ರಲ್ಲಿ ಡೇನಿಯಲ್ ಲೆವಿನ್ಸನ್ ಅದಕ್ಕೊಂದು ವೇಳಾಪಟ್ಟಿಯನ್ನೇ ಕೊಟ್ಟರು. ಅವರ ಆಧಾರ ನಲವತ್ತು ಅಮೆರಿಕನ್ ಗಂಡಸರ ಸಂದರ್ಶನ! ಮುಂದೆ ಅಮೆರಿಕದಲ್ಲೇ 1990ರ ದಶಕದಲ್ಲಿ ಶುರುವಾದ ದೊಡ್ಡ ಸಮೀಕ್ಷೆಗಳು ಬಿಕ್ಕಟ್ಟು ಎಲ್ಲರಿಗೂ ಬರುವುದಿಲ್ಲ, ಕೆಲವರಿಗಷ್ಟೇ ಬರುತ್ತದೆ ಎಂದು ತೋರಿಸಿದವು. 2008ರಲ್ಲಿ ಬ್ಲಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಅಂಕಿ ಇಟ್ಟು, ಬದುಕಿನ ತೃಪ್ತಿ ನಲವತ್ತರ ನಡುವಿನಲ್ಲಿ ತಳ ಮುಟ್ಟಿ ಮತ್ತೆ ಏರುತ್ತದೆ ಎಂದರು. ಈಚಿನ ವರ್ಷಗಳಲ್ಲಿ ಯುವಜನರ ನೆಮ್ಮದಿಯೇ ಕುಸಿದು ಆ ರೇಖೆ ಅನೇಕ ಕಡೆ ಅಳಿಸಿಹೋಗುತ್ತಿದೆ ಎಂದು ಬ್ಲಾಂಚ್‌ಫ್ಲವರ್ ಅವರೇ ಬರೆದಿದ್ದಾರೆ.

ನಡುವಯಸ್ಸು ಎಂಬುದೇ ಒಂದು ಸಂಸ್ಕೃತಿ ಕಟ್ಟಿದ ಕಲ್ಪನೆ ಎಂಬ ಮಾನವಶಾಸ್ತ್ರಜ್ಞರ ವಾದ ಇದಕ್ಕೆ ಎದುರಾಗಿ ಬಂತು. ರಿಚರ್ಡ್ ಶ್ವೇಡರ್ 1998ರಲ್ಲಿ ಸಂಪಾದಿಸಿದ ಪುಸ್ತಕ ಅದರ ಮುಖ್ಯ ದಾಖಲೆ. ಬದುಕನ್ನು ವರ್ಷಗಳಲ್ಲಿ ಎಣಿಸದೆ ಮಗಳು, ಸೊಸೆ, ಅತ್ತೆ ಎಂಬ ಸ್ಥಾನಗಳಲ್ಲಿ ಎಣಿಸುವ ಸಮಾಜಗಳಿವೆ ಎಂದು ಅದು ನೆನಪಿಸುತ್ತದೆ. ಈ ವಾದವನ್ನು ಒಪ್ಪಿಯೂ ಒಂದು ಎಚ್ಚರಿಕೆ ಬೇಕು. ಬಡವರಿಗೆ ಇಂಥ ಒಳತಳಮಳವೆಲ್ಲ ಇರುವುದಿಲ್ಲ, ಅದು ಹೊಟ್ಟೆ ತುಂಬಿದವರ ಚಿಂತೆ ಎನ್ನುವವರಿದ್ದಾರೆ. ಇದು ತಪ್ಪು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆ ನಿಂತ ಮಡಿವಾಳಪ್ಪನವರಿಂದ ಹಿಡಿದು ಚೆನ್ನೂರ ಜಲಾಲಸಾಹೇಬರವರೆಗಿನ ತತ್ವಪದಕಾರರ ಪರಂಪರೆ ಈ ತಾಲ್ಲೂಕುಗಳಲ್ಲಿ ಇಂದಿಗೂ ಜೀವಂತವಾಗಿದೆ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಭಜನೆಗೆ ಕೂತು ಆಯುಷ್ಯ, ಸಾವು, ಸಂಸಾರದ ಹೊರೆಯ ಬಗ್ಗೆ ಹಾಡುತ್ತಾರೆ. ಜಾಕ್ವಿಸ್ ವಿವರಿಸಿದ ಸಾವಿನ ಅರಿವು ಇವರಿಗೆ ಚೆನ್ನಾಗಿ ಗೊತ್ತು. ಮನಸ್ಸಿನ ಪಂಥ ವಿವರಿಸಲಾಗದ್ದು ಬೇರೆ: ಒಂದೇ ತಳಮಳ ಒಬ್ಬನನ್ನು ಹೊಸ ಉದ್ಯೋಗಕ್ಕೂ ಇನ್ನೊಬ್ಬನನ್ನು ಭಜನೆಯ ಸಮಾಧಾನಕ್ಕೂ ಏಕೆ ಕರೆದೊಯ್ಯುತ್ತದೆ ಎಂಬುದು. ಆ ಕವಲು ಮನಸ್ಸಿನೊಳಗೆ ಇಲ್ಲ.

ಗಳಿಕೆಯ ಲೆಕ್ಕ

ಅರ್ಥಶಾಸ್ತ್ರದ ಉತ್ತರ ನೇರವಾದದ್ದು. 1964ರಲ್ಲಿ ಗ್ಯಾರಿ ಬೆಕರ್ ರೂಪಿಸಿದ ಮಾನವ ಬಂಡವಾಳ ಸಿದ್ಧಾಂತದ ಪ್ರಕಾರ ಕಲಿಕೆಯೂ ಹೂಡಿಕೆಯೇ. ಹೂಡಿದ್ದು ವಾಪಸು ಬರಲು ವರ್ಷಗಳು ಬೇಕು. ಇಪ್ಪತ್ತರಲ್ಲಿ ಕಲಿತವನಿಗೆ ನಲವತ್ತು ವರ್ಷದ ಗಳಿಕೆ ಮುಂದಿದೆ, ಐವತ್ತರಲ್ಲಿ ಕಲಿತವನಿಗೆ ಹತ್ತೇ ವರ್ಷ. ಆದ್ದರಿಂದ ವಯಸ್ಸಾದಂತೆ ಜನ ಹೊಸದನ್ನು ಕಲಿಯುವುದು ಕಡಿಮೆ, ಸರ್ಕಾರವೂ ತರಬೇತಿಯ ಹಣವನ್ನು ಯುವಜನರ ಮೇಲೆ ಹಾಕುವುದೇ ಜಾಣತನ. ನಮ್ಮ ಕೌಶಲ ಯೋಜನೆಗಳು ಹೇಳಿಯೋ ಹೇಳದೆಯೋ ನಿಂತಿರುವುದು ಈ ತರ್ಕದ ಮೇಲೆ. ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆಯ ಸಾಮಾನ್ಯ ವಯೋಮಿತಿ 15ರಿಂದ 35. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬಹುಕಾಲ 18ರಿಂದ 45ರವರನ್ನು ಗುರಿಯಾಗಿಟ್ಟುಕೊಂಡವು.

ಈ ಲೆಕ್ಕದಲ್ಲಿ ಒಂದು ಅಡಗಿದ ಊಹೆಯಿದೆ: ಅರವತ್ತಕ್ಕೆ ಎಲ್ಲರೂ ದುಡಿಮೆ ನಿಲ್ಲಿಸುತ್ತಾರೆ ಎಂಬುದು. ಕರ್ನಾಟಕದ ಸರ್ಕಾರಿ ನೌಕರ ಅರವತ್ತಕ್ಕೆ ನಿವೃತ್ತನಾಗುತ್ತಾನೆ. ಜೇವರ್ಗಿಯ ಕೃಷಿ ಕೂಲಿ ನಿವೃತ್ತನಾಗುವುದು ಮೈ ಸೋತು ಮೇಲೇಳದಾದಾಗ. ಪಿಂಚಣಿಯಿಲ್ಲದವನು ನಲವತ್ತೈದರಲ್ಲಿ ಒಂದು ಹಗುರವಾದ ಕಸುಬು ಕಲಿತರೆ ಅದನ್ನು ಎಪ್ಪತ್ತರವರೆಗೂ ಮಾಡಬೇಕಾಗುತ್ತದೆ, ಮಾಡುತ್ತಾನೆ. ಅಂದರೆ ಆ ಕಲಿಕೆಗೆ ಇಪ್ಪತ್ತೈದು ವರ್ಷದ ಗಳಿಕೆಯ ಅವಧಿ ಸಿಗುತ್ತದೆ. ಬೆಕರ್ ಅವರ ಸೂತ್ರವನ್ನೇ ಪ್ರಾಮಾಣಿಕವಾಗಿ ಇಲ್ಲಿಗೆ ಅನ್ವಯಿಸಿದರೆ ತರಬೇತಿಯ ಹಣ ನಡುವಯಸ್ಕರಿಗೂ ಧಾರಾಳವಾಗಿ ಹೋಗಬೇಕು. ಕಬ್ಬು ಕಡಿಯುವವರಲ್ಲಿ ಇದು ಇನ್ನೂ ಸ್ಪಷ್ಟ. ಮುಕಾದಮನಿಂದ ಮುಂಗಡ ಹಣ ಎತ್ತಿ, ಗಂಡಹೆಂಡಿರು ಜೋಡಿಯಾಗಿ ಹಂಗಾಮು ಪೂರ್ತಿ ಕತ್ತಿ ಬೀಸುವ ಈ ಕೆಲಸವನ್ನು ದೇಹ ಬಹಳ ವರ್ಷ ತಾಳದು. ಸೊಂಟ, ಮೊಣಕಾಲು ಹೋದ ಮೇಲೆ ಕಸುಬು ಬದಲಿಸದೆ ದಾರಿಯಿಲ್ಲ. ನಗರದ ನೌಕರ ಬೇಸರದಿಂದ ಬದಲಿಸುತ್ತಾನೆ, ಇವರು ಮೈ ಕೈಕೊಟ್ಟದ್ದರಿಂದ. ಹಾಗಾಗಿ ಇಲ್ಲಿ ನಡುವಯಸ್ಸು ಬೇಗ ಬರುತ್ತದೆ, ಮೂವತ್ತೆಂಟಕ್ಕೇ ಬಂದುಬಿಡುತ್ತದೆ.

ವಯಸ್ಸಾದವರು ಹೊಸದನ್ನು ಒಗ್ಗಿಸಿಕೊಳ್ಳುವುದಿಲ್ಲ ಎಂಬ ಆಕ್ಷೇಪಕ್ಕೆ ತೊಗರಿಯೇ ಉತ್ತರ. ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನೆಟೆ ರೋಗ ಬಂದಾಗಲೆಲ್ಲ ಒಕ್ಕಲಿಗರು ತಳಿ ಬದಲಿಸಿದ್ದಾರೆ. ಮಾರುತಿ ತಳಿ ಬಂತು, ಅದರ ಮೇಲೆ ಟಿ.ಎಸ್.-3ಆರ್ ಬಂತು, ಜಿ.ಆರ್.ಜಿ.-811 ಬಂತು. ಬಿತ್ತನೆಯ ಅಂತರ, ಕುಡಿ ಚಿವುಟುವ ಕ್ರಮ ಎಲ್ಲವೂ ಬದಲಾದವು. ಬದಲಿಸಿದವರಲ್ಲಿ ಬಹುಪಾಲು ಹೊಲದ ಯಜಮಾನಿಕೆ ಹೊತ್ತ ನಡುವಯಸ್ಕರೇ.

ಒಂದೆಕರೆ ಬಿಟ್ಟು ನೋಡುವುದು

ಮೂರನೆಯ ಪಂಥ ಬದಲಾವಣೆಯ ವಿಧಾನವನ್ನು ನೋಡುತ್ತದೆ. ಹರ್ಮಿನಿಯಾ ಇಬಾರಾ ಎಂಬ ವಿದ್ವಾಂಸೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೃತ್ತಿ ಬದಲಿಸಿ ಗೆದ್ದವರು ಮೊದಲು ಕೂತು ಯೋಚಿಸಿ ಆಮೇಲೆ ಹೆಜ್ಜೆ ಇಟ್ಟವರಲ್ಲ, ಸಣ್ಣ ಸಣ್ಣ ಪ್ರಯೋಗ ಮಾಡುತ್ತಲೇ ತಮ್ಮ ಹೊಸ ರೂಪ ಕಂಡುಕೊಂಡವರು ಎಂದರು. ನಮ್ಮ ಒಕ್ಕಲಿಗನಿಗೆ ಇದು ಹೊಸ ಮಾತಲ್ಲ. ಹತ್ತು ಎಕರೆ ಇದ್ದವನು ಒಂದೆಕರೆಯಲ್ಲಿ ಹೊಸ ಬೆಳೆ ಹಾಕಿ ನೋಡುತ್ತಾನೆ. ಬಂದರೆ ಮುಂದಿನ ವರ್ಷ ಮೂರೆಕರೆ, ಬಾರದಿದ್ದರೆ ಒಂದೆಕರೆಯ ನಷ್ಟ. ಈ ಲೇಖನ ನೋಡುವ ನಾಲ್ಕು ಪಂಥಗಳಲ್ಲಿ ಪ್ರಯೋಗದ ಪಂಥವೇ ನನಗೆ ಹೆಚ್ಚು ನಿಜವೆನಿಸುವುದು, ಅದರ ಕೊರತೆಯೂ ಇಲ್ಲಿಯೇ ಇದೆ. ಎರಡೇ ಎಕರೆ ಇದ್ದವನು ಯಾವ ಎಕರೆಯನ್ನು ಬಿಟ್ಟು ನೋಡಬೇಕು? ಲಾವಣಿಗೆ ಹೊಲ ಮಾಡುವವನು ಒಡೆಯನಿಗೆ ಕೊಡಬೇಕಾದ್ದನ್ನು ಪ್ರಯೋಗಕ್ಕೆ ಇಡಲಾಗದು. ಕೂಲಿಯವನಿಗೆ ಒಂದು ವಾರದ ತರಬೇತಿ ಎಂದರೆ ಒಂದು ವಾರದ ಕೂಲಿ ಹೋಯಿತು. ಪ್ರಯೋಗ ಮಾಡಲು ಮೀಸಲು ಬೇಕು. ಮೀಸಲಿಲ್ಲದವನು ಬದಲಾಗುವುದು ಒಂದೇ ಏಟಿಗೆ, ಎಲ್ಲವನ್ನೂ ಒತ್ತೆ ಇಟ್ಟು. ಆದ್ದರಿಂದ ಅವನ ಬದಲಾವಣೆ ಎಷ್ಟೋ ಸಲ ಸಾಲದಲ್ಲಿ ಮುಗಿಯುತ್ತದೆ. ಅವನಿಗೆ ವಿವೇಕ ಸಾಲದೆಂದು ಇದರಿಂದ ತೀರ್ಮಾನಿಸುವುದು ಅನ್ಯಾಯ.

ವ್ಯವಸ್ಥೆಯತ್ತ ಬೊಟ್ಟು ಮಾಡುವವರು

ಇಲ್ಲಿಂದ ನಾಲ್ಕನೆಯ ಪಂಥ ಶುರುವಾಗುತ್ತದೆ: ಕೊರತೆ ಇರುವುದು ವ್ಯಕ್ತಿಯಲ್ಲಲ್ಲ, ವ್ಯವಸ್ಥೆಯಲ್ಲಿ ಎನ್ನುವವರದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅದರಲ್ಲಿ 21 ಕಲಬುರಗಿ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಜಿಲ್ಲೆಯದು ಶೇ 64.85. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿ 2013ರಿಂದ ಈ ಭಾಗದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ಕೊಟ್ಟಿದೆ. ಅದರ ಲಾಭ ದೊಡ್ಡದು. ಆಳಂದದ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೂ ಈ ಭಾಗಕ್ಕೆ ಸಿಕ್ಕ ಬಾಗಿಲು. ಆದರೆ ಆ ಬಾಗಿಲುಗಳೆಲ್ಲ ಯುವಜನರ ಎತ್ತರಕ್ಕೆ ಇಟ್ಟವು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಸಾಮಾನ್ಯ ನಿಯಮದಂತೆ ಗರಿಷ್ಠ ವಯಸ್ಸು ವರ್ಗಕ್ಕೆ ತಕ್ಕಂತೆ 35, 38, 40. ಆಗೊಮ್ಮೆ ಈಗೊಮ್ಮೆ ಸಿಗುವ ಸಡಿಲಿಕೆ ಕೆಲವೇ ವರ್ಷಗಳದು. ಅತ್ತ ವೃದ್ಧಾಪ್ಯ ವೇತನ ಶುರುವಾಗುವುದು 60ಕ್ಕೆ, ಸಂಧ್ಯಾ ಸುರಕ್ಷಾ 65ಕ್ಕೆ. ನಲವತ್ತೈದರಿಂದ ಅರವತ್ತರ ನಡುವಿನವರು ನಮ್ಮ ಯೋಜನೆಗಳ ಕಣ್ಣಿಗೆ ಕಲಿಯಲು ಮುದುಕರು, ಪಿಂಚಣಿಗೆ ಹುಡುಗರು.

ಈ ಪಂಥದ ಗಟ್ಟಿ ಮಾತನ್ನು ಅರ್ಜುನ್ ಅಪ್ಪಾದುರೈ 2004ರ ಪ್ರಬಂಧದಲ್ಲಿ ಹೇಳಿದರು. ಹಂಬಲಿಸುವುದೂ ಒಂದು ಸಾಮರ್ಥ್ಯ, ಅಭ್ಯಾಸದಿಂದ ಬೆಳೆಯುವಂಥದು, ಬಡತನ ಕಸಿದುಕೊಳ್ಳುವುದು ಆ ಅಭ್ಯಾಸದ ಅವಕಾಶವನ್ನು ಎಂಬುದು ಅವರ ವಾದ. ಇದಕ್ಕೆ ಬರುವ ಸಾಮಾನ್ಯ ಆಕ್ಷೇಪ: ಯೋಜನೆಗಳಿವೆ, ಜನ ಮುಂದೆ ಬರುವುದಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮಕ್ಕೆ ವಯಸ್ಸಿನ ಮೇಲ್ಮಿತಿಯಿಲ್ಲ, 2023ರಲ್ಲಿ ಬಂದ ವಿಶ್ವಕರ್ಮ ಯೋಜನೆಗೂ ಇಲ್ಲ ಎಂದು ಆಕ್ಷೇಪಿಸುವವರು ತೋರಿಸುತ್ತಾರೆ. ಮಾತು ನಿಜ. ಆದರೆ ಮೊದಲನೆಯದರಲ್ಲಿ ದೊಡ್ಡ ಮೊತ್ತದ ಘಟಕಕ್ಕೆ ಎಂಟನೆಯ ತರಗತಿ ಪಾಸಾಗಿರಬೇಕು. ಈ ತಾಲ್ಲೂಕುಗಳಲ್ಲಿ ಐವತ್ತರ ಆಸುಪಾಸಿನ ಎಷ್ಟು ಜನ ಎಂಟನೆಯ ತರಗತಿ ಮುಟ್ಟಿದ್ದಾರೆ? ಎರಡನೆಯದು ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ ಮುಂತಾದ 18 ಕಸುಬುಗಳಿಗೆ ಸೀಮಿತ. ದಿನಕ್ಕೆ 500 ರೂಪಾಯಿ ಭತ್ಯೆ ಕೊಟ್ಟು ತರಬೇತಿ, ಉಪಕರಣಕ್ಕೆ 15,000, ಶೇ 5ರ ಬಡ್ಡಿಯ ಸಾಲ ಕೊಡುವ ಅದರ ವಿನ್ಯಾಸ ಒಳ್ಳೆಯದು. ಕಲಿಯುವ ದಿನದ ಕೂಲಿ ಹೋಗುತ್ತದೆಂಬುದನ್ನು ಅರಿತು ಮಾಡಿದ ಯೋಜನೆ ಅದು. ಆದರೆ ಅದು ಹಳೆಯ ಕಸುಬಿನಲ್ಲೇ ಮುಂದುವರಿಯುವವನಿಗೆ ನೆರವಾಗುತ್ತದೆ. ಕೃಷಿ ಕೂಲಿಯೊಬ್ಬ ಬೇರೆ ಕಸುಬಿಗೆ ದಾಟಲು ಅದರಲ್ಲಿ ದಾರಿಯಿಲ್ಲ.

ಹೆಣ್ಣುಮಕ್ಕಳ ನಡುವಯಸ್ಸು

ಮೇಲಿನ ಪಂಥಗಳು ಹೆಚ್ಚಾಗಿ ಗಂಡಸನ್ನು ಮನಸ್ಸಿನಲ್ಲಿಟ್ಟು ಶುರುವಾದವು. ಈ ಸೀಮೆಯಲ್ಲಿ ಹದಿನೆಂಟರ ಆಸುಪಾಸಿಗೆ ಮದುವೆಯಾದ ಹೆಣ್ಣುಮಗಳು ನಲವತ್ತರೊಳಗೆ ಅತ್ತೆಯಾಗುತ್ತಾಳೆ. ಅವಳ ಬದುಕಿನಲ್ಲಿ ಮೊದಲ ಸಲ ಸ್ವಲ್ಪ ಸಮಯ, ಸ್ವಲ್ಪ ಅಧಿಕಾರ ಕೈಗೆ ಬರುವುದು ಆಗ. ಗಂಡಸಿಗೆ ನಡುವಯಸ್ಸು ಮೈಸೋಲುವ ಕಾಲವಾದರೆ ಅವಳಿಗೆ ಎಷ್ಟೋ ಸಲ ಬಾಗಿಲು ತೆರೆಯುವ ಕಾಲ. ಸ್ವಸಹಾಯ ಸಂಘಗಳ ಹಿಂದಿನ ಬಲ ಈ ವಯಸ್ಸಿನ ಹೆಂಗಸರದು. 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಜಿಲ್ಲಾಡಳಿತ ಜೋಳದ ಕಡಕ್ ರೊಟ್ಟಿಗೆ ಮಾರುಕಟ್ಟೆ ಒದಗಿಸಲು ಹೊರಟಾಗ ಅದಕ್ಕೆ ಬೇಕಾದ ಕೌಶಲವನ್ನು ಯಾವ ಸಂಸ್ಥೆಯೂ ಕಲಿಸಬೇಕಾಗಿರಲಿಲ್ಲ. ಮೂವತ್ತು ವರ್ಷ ದಿನವೂ ಬಡಿದ ಕೈಗಳು ಇದ್ದವು. ಇದು ಅಡುಗೆಮನೆಯ ದುಡಿಮೆಯನ್ನೇ ಮನೆಯಾಚೆಗೆ ಹಿಗ್ಗಿಸಿದಂತೆ, ಹೊಸ ಬದುಕು ಹೇಗಾದೀತು ಎಂದು ಕೆಲವು ಸ್ತ್ರೀವಾದಿಗಳು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಮನೆಯ ರೊಟ್ಟಿಯೂ ಅವಳದೇ, ಮಾರುವ ರೊಟ್ಟಿಯೂ ಅವಳದೇ ಆದರೆ ದುಡಿಮೆ ಇಮ್ಮಡಿಯಾಗುತ್ತದೆ. ಆದರೂ ಬೆಲೆಯಿಲ್ಲದ ಕೆಲಸಕ್ಕೆ ಬೆಲೆ ಬಂದು, ಆ ಹಣ ಅವಳ ಹೆಸರಿನ ಖಾತೆಗೆ ಬೀಳುವುದು ಸಣ್ಣ ಬದಲಾವಣೆಯಲ್ಲ. ರೊಟ್ಟಿಯಿಂದ ಲೆಕ್ಕ ಬರೆಯುವ ಕಡೆಗೆ, ಸಂಘ ನಡೆಸುವ ಕಡೆಗೆ ಅವಳು ದಾಟುತ್ತಾಳೋ ಇಲ್ಲವೋ ಎಂಬುದು ನೋಡಬೇಕಾದ ಅಳತೆ.

2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ, ಆಗಸ್ಟಿನಲ್ಲಿ ಬಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಇದಕ್ಕೆ ಹೊಸ ಆಯಾಮ ಕೊಟ್ಟಿವೆ. ಬಸ್ಸಿಗೆ ಹಣ ಕೊಡದೆ ಕಲಬುರಗಿಗೆ ಹೋಗಿಬರಬಹುದಾದ ಹೆಣ್ಣುಮಗಳಿಗೆ ಮಾರುಕಟ್ಟೆ, ಆಸ್ಪತ್ರೆ, ತರಬೇತಿ ಕೇಂದ್ರ ಎಲ್ಲವೂ ಹತ್ತಿರ ಬಂದಂತೆ. ಬಿಟ್ಟಿ ಭಾಗ್ಯ ಜನರನ್ನು ಸೋಮಾರಿ ಮಾಡುತ್ತದೆ ಎಂಬ ಟೀಕೆ ಎಲ್ಲರಿಗೂ ಗೊತ್ತು. ಈ ಲೇಖನದ ವಾದದ ಬೆಳಕಿನಲ್ಲಿ ನೋಡಿದರೆ ತಿಂಗಳಿಗೆ ಬರುವ ಖಚಿತ ಹಣ ಎರಡೆಕರೆಯವನಿಗೆ ಇಲ್ಲದಿದ್ದ ಆ ಮೀಸಲಿನ ಒಂದು ತುಣುಕು. ಪ್ರಯೋಗ ಸೋತರೂ ಆ ತಿಂಗಳ ಜೋಳ ತರಬಹುದು ಎಂಬ ಧೈರ್ಯ ಅದರಿಂದ ಬರಬಲ್ಲದು.

ಕಲಬುರಗಿಯ ಗೀತಾ ನಾಗಭೂಷಣ ಅವರ ಬದುಕು ಇಲ್ಲಿ ನೆನೆಯಬೇಕಾದದ್ದು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಕೆಲಸ ಶುರುಮಾಡಿ, ದುಡಿಯುತ್ತಲೇ ಪದವಿಗಳನ್ನು ಓದಿ, ಅಧ್ಯಾಪಕಿಯಾದವರು ಅವರು. 2004ರಲ್ಲಿ 'ಬದುಕು' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಆ ಗೌರವ ಪಡೆದ ಮೊದಲ ಕನ್ನಡ ಲೇಖಕಿಯಾದರು. ಆಗ ಅವರಿಗೆ ಅರವತ್ತು ದಾಟಿತ್ತು. ಅವರ ಏರಿಕೆಯನ್ನು ಛಲದ ಕಥೆಯಾಗಿ ಮಾತ್ರ ಹೇಳುವುದು ರೂಢಿ. ತಿಂಗಳ ಸಂಬಳ ತರುತ್ತಿದ್ದ ನೌಕರಿ ಕೈಯಲ್ಲಿದ್ದಾಗಲೇ ಅವರು ಓದಿದರು ಎಂಬುದನ್ನೂ ಸೇರಿಸಿ ಹೇಳಬೇಕು. ಛಲ ಅವರದು, ಅದು ನಿಲ್ಲಲು ನೆಲ ಕೊಟ್ಟದ್ದು ಆ ಸಂಬಳ.

ತೀರ್ಮಾನವಾಗದೆ ಉಳಿದದ್ದು

ಇಷ್ಟಾದರೂ ಕೆಲವು ಪ್ರಶ್ನೆಗಳು ತೆರೆದೇ ಇವೆ. ನಡುವಯಸ್ಕರಿಗೆ ತರಬೇತಿ, ವಯೋಮಿತಿ ಸಡಿಲಿಕೆ ಕೊಟ್ಟರೆ ಅದು ನಿರುದ್ಯೋಗಿ ಯುವಕರ ಪಾಲನ್ನು ಕಿತ್ತಂತಾಗುತ್ತದೆಯೇ? ಸರ್ಕಾರಿ ನೇಮಕಾತಿಯ ಮಟ್ಟಿಗೆ ಈ ಆತಂಕ ನ್ಯಾಯವಾದದ್ದು, ಹುದ್ದೆಗಳು ಎಣಿಕೆಯವು. ಸ್ವಂತ ಉದ್ಯೋಗ, ಕೌಶಲಗಳ ಮಟ್ಟಿಗೆ ಅಷ್ಟು ಬಲವಾದದ್ದಲ್ಲ. ದುಡಿಯುವ ತಂದೆತಾಯಿ ಇದ್ದ ಮನೆಯ ಮಕ್ಕಳೇ ಹೆಚ್ಚು ಓದುತ್ತಾರೆ. ನಗದು ವರ್ಗಾವಣೆ ನಿಜವಾಗಿ ಹೊಸ ಪ್ರಯೋಗಕ್ಕೆ ಬಲ ಕೊಡುತ್ತದೆಯೋ, ಹಳೆಯ ಸಾಲದ ಬಡ್ಡಿಗೆ ಹೋಗುತ್ತದೆಯೋ ಎಂಬುದರ ಬಗ್ಗೆ ವಾದ ಮುಗಿದಿಲ್ಲ. ಮೂರನೆಯ ಪ್ರಶ್ನೆ ಜಾತಿಯದು, ನನ್ನ ದೃಷ್ಟಿಯಲ್ಲಿ ಇದೇ ಕಠಿಣವಾದದ್ದು. ಊರಿನಲ್ಲಿ ಕಸುಬು ಬದಲಿಸಿದರೂ ಊರು ಹಳೆಯ ಹೆಸರಿನಲ್ಲೇ ಕರೆಯುತ್ತದೆ. ಹೋಟೆಲ್ ತೆರೆದ ದಲಿತನ ಚಹಾ ಎಲ್ಲರೂ ಕುಡಿಯುತ್ತಾರೆಯೇ ಎಂಬುದಕ್ಕೆ ಯಾವ ಸಾಲ ಯೋಜನೆಯೂ ಉತ್ತರ ಕೊಡಲಾರದು. ಅನೇಕರು ಮುಂಬೈ, ಪುಣೆಗಳಲ್ಲೇ ಹೊಸಬರಾಗುವುದಕ್ಕೆ ಕೂಲಿಯ ಜೊತೆಗೆ ಇದೂ ಒಂದು ಕಾರಣ. ಹಾಗಿದ್ದರೆ ಊರಲ್ಲೇ ಬದುಕು ಕಟ್ಟಿಕೊಡುವುದು ಗುರಿಯಾಗಬೇಕೋ, ಹೋಗುವ ದಾರಿಯನ್ನು ಸುರಕ್ಷಿತ ಮಾಡುವುದು ಗುರಿಯಾಗಬೇಕೋ ಎಂಬುದರಲ್ಲೂ ಒಮ್ಮತವಿಲ್ಲ.

ಈ ವಾದಗಳು ಮುಗಿಯುವವರೆಗೆ ಕಾಯಬೇಕಿಲ್ಲದ ಕೆಲಸ ಒಂದಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮತ್ತು ಜಿಲ್ಲಾ ಪಂಚಾಯಿತಿ ಈ ಮೂರು ತಾಲ್ಲೂಕುಗಳಲ್ಲಿ ನಲವತ್ತೈದರಿಂದ ಅರವತ್ತರವರಿಗೆಂದೇ ಒಂದೊಂದು ತರಬೇತಿ ತಂಡ ತೆರೆಯಲಿ. ಶಾಲೆಯ ಸರ್ಟಿಫಿಕೇಟು ಕೇಳದಿರಲಿ, ಕಲಿಯುವ ದಿನಗಳ ಕೂಲಿಯನ್ನು ಕೊಡಲಿ, ಮೊದಲ ಎರಡು ವರ್ಷ ಸೋತವರ ಸಾಲದ ಬಡ್ಡಿಯನ್ನು ತಾವೇ ಹೊರಲಿ. ಐದು ವರ್ಷದ ನಂತರ ಅವರೆಲ್ಲ ಏನಾದರು ಎಂಬುದನ್ನು ಹೆಸರು ಬಿಟ್ಟು, ಲೆಕ್ಕ ಬಿಡದೆ ಕನ್ನಡದಲ್ಲಿ ಪ್ರಕಟಿಸಲಿ.